ಕೋಲು ಇಳಿಯುವಷ್ಟು ಹೊತ್ತು

ಹಿಂದಿನ ಬಲಚಕ್ರ ಒಂದನ್ನೇ ಜಾಕಿನ ಮೇಲೆ ಎತ್ತಿ
ಉಳಿದ ಮೂರಕ್ಕೆ ಕೆಂಪುಕಲ್ಲು ಒತ್ತಿಟ್ಟು
ಗೇರಿಗೆ ಹಾಕಿ, ಹ್ಯಾಂಡ್‌ಬ್ರೇಕು ಬಿಟ್ಟು,
ಚಕ್ರದ ನಡುವಿನ ನಟ್ಟಿಗೆ ಮೋನಬ್ಬ
ನಾಲ್ಕಡಿಯ ಕಬ್ಬಿಣದ ಕೋಲು ಸಿಕ್ಕಿಸಿದ.
ತುದಿಯಲ್ಲಿ ಐದು ಲೀಟರಿನ ನೀರಿನ ಕ್ಯಾನು.
'ಗುಲಾಬಿಯಕ್ಕ, ಮೊಬೈಲಿನಲ್ಲಿ ಗಂಟೆ ಹಿಡಿಯಿರಿ.
ಕೋಲು ಅಡ್ಡ ಆಗುವವರೆಗೆ ಮಾತಾಡಬೇಡಿ' ಅಂದ.
ಮತ್ತೆ ತಾನೇ ಮಾತಾಡತೊಡಗಿದ.

ಕಲ್ಮಾಡಿಯ ಶೆಡ್ಡು. ತಗಡಿನ ಮೇಲೆ ಡಿಸೆಂಬರಿನ ಬಿಸಿಲು.
ಪಣಂಬೂರಿನ ಕಸ್ಟಮ್ಸ್ ಹರಾಜಿನಲ್ಲಿ
ಮೂರು ಬಲೆಯ ದುಡ್ಡು ಕೊಟ್ಟು ತಂದ ವ್ಯಾನು ಇದು,
ಸ್ಟಿಯರಿಂಗು ಎಡಕ್ಕೆ, ಕಿಟಕಿಯಲ್ಲಿ
ಯಾವ ದೇಶದ್ದೋ ಮಗು ಅಂಟಿಸಿದ ಕರಡಿ.
ಪಡುಕೆರೆಯ ಹೊಯ್ಗೆಯಲ್ಲಿ ದೋಣಿ ಎಳೆಯಲಿಕ್ಕೆ
ನಾಲ್ಕೂ ಕಾಲು ಊರುವಂಥದ್ದು ಬೇಕಿತ್ತು.

'ಹೊಟ್ಟೆಯಡಿ ಒಂದು ಡಬ್ಬಿ ಉಂಟು,
ಅನಾನಸಿನಷ್ಟು ದಪ್ಪ, ಬಾಯಿಗೆ ಬೆಸುಗೆ.
ಒಳಗೆ ಉಕ್ಕಿನ ಬಿಲ್ಲೆಗಳು, ನೀರುದೋಸೆಯ ಹಾಗೆ ತೆಳ್ಳಗೆ, ತೂತು ತೂತು.
ಒಂದು ಮುಂದಿನ ಚಕ್ರದ ಕಡೆಯದ್ದು, ಒಂದು ಹಿಂದಿನದ್ದು,
ಒಂದು ಬಿಟ್ಟು ಒಂದು.
ಮುಟ್ಟುವುದಿಲ್ಲ. ನಡುವೆ ಎಣ್ಣೆ.

ಎಣ್ಣೆ ಅಂದರೆ ತೆಂಗಿನೆಣ್ಣೆ ಅಲ್ಲ, ಬಿಸಿಗೆ ನೀರಾಗಲಿಕ್ಕೆ.
ಇದು ಹಾಲುಬಾಯಿಯ ಜಾತಿ.'

ನನ್ನ ರಟ್ಟೆಗೆ ಥಟ್ಟನೆ ನೆನಪಾಯಿತು:
ಅಕ್ಕಿ, ಕಾಯಿ, ಬೆಲ್ಲ. ಮೊದಲು ಸೌಟು ತನ್ನ ಪಾಡಿಗೆ ಸುತ್ತುತ್ತದೆ.
ಆಮೇಲೆ ಒಂದು ಗಳಿಗೆ (ಯಾವುದೆಂದು ಅಮ್ಮನಿಗೂ ಗೊತ್ತಿರಲಿಲ್ಲ)
ಸೌಟಿನ ಜೊತೆ ಬಾಣಲೆಯೇ ತಿರುಗಲು ಹೊರಡುತ್ತದೆ.

'ಅಷ್ಟೇ. ಮುಂದಿನ ಚಕ್ರ ಹೊಯ್ಗೆಯಲ್ಲಿ ಬರಿದೇ ಸುತ್ತಿದರೆ
ಅದರ ಬಿಲ್ಲೆ ಎಣ್ಣೆಯನ್ನು ಕಡೆಯುತ್ತದೆ,
ಕಡೆದದ್ದು ಕಾಯುತ್ತದೆ, ಕಾದದ್ದು ಉಬ್ಬಿ ಬಿಗಿಯುತ್ತದೆ,
ಸುಮ್ಮನಿದ್ದ ಬಿಲ್ಲೆಗಳನ್ನೂ ಹಿಡಿದು ಎಳೆಯುತ್ತದೆ.
ತಂತಿ ಇಲ್ಲ. ಗುಂಡಿ ಒತ್ತುವವರಿಲ್ಲ.'

'ಕೈರಂಪಣಿಯೂ ಹಾಗೇ' ಅಂದ ದೇಜು, 'ಎರಡು ಸಾಲು ಜನ,
ನಡುವೆ ನೂರು ಮಾರು ನೀರು.
ಆಚೆಯವರು ಸೋತದ್ದು ಈಚೆಯ ಹಗ್ಗಕ್ಕೆ ಗೊತ್ತಾಗುತ್ತದೆ.'
'ಸಂಸಾರದ ಹಾಗೆ' ಅಂದೆ ನಾನು.
ಮೋನಬ್ಬ ತಲೆಯೆತ್ತಲಿಲ್ಲ.
'ಸಂಸಾರಕ್ಕೆ ಸೀಲು ಇರುವುದಿಲ್ಲ ಅಕ್ಕ. ಕೋಲು ನೋಡಿ.'

ಕೋಲು ಗಡಿಯಾರದ ಒಂದೂವರೆಯಲ್ಲಿ ಇತ್ತು,
ಎರಡಕ್ಕೂ ಬಂದಿರಲಿಲ್ಲ.
ಐಸಿನ ಲಾರಿಯೊಂದು ತೊಟ್ಟಿಕ್ಕುತ್ತ ಹೋಯಿತು.
ಅದರ ಹಿಂದೆ ಬೆಕ್ಕು.

'ಒಳ್ಳೆಯದಿದ್ದರೆ ಅರ್ಧ ನಿಮಿಷ ಸಾಕಿತ್ತು.
ಟಯರು ಯಾವಾಗ ಹಾಕಿಸಿದ್ದು?'

ನವರಾತ್ರಿಗೆ.
ಮುಂದಿನ ಎರಡೇ.
ದುಡ್ಡು ಅಷ್ಟೇ ಇತ್ತು.

ಬೆಂಕಿಕಡ್ಡಿ ಚುಚ್ಚಿ ಸವೆತ ಅಳೆದ. ಉಗುರಿನಷ್ಟು ವ್ಯತ್ಯಾಸ.
'ಸಣ್ಣ ಚಕ್ರ ಹೆಚ್ಚು ಸುತ್ತಬೇಕಲ್ಲ.
ಮಂಗಳೂರು ದಕ್ಕೆಗೆ ಹೋಗಿಬರುವ ನೂರಿಪ್ಪತ್ತು ಕಿಲೋಮೀಟರು
ಡಾಂಬರಿನ ಮೇಲೆ, ಯಾವುದೂ ಜಾರದ ಕಡೆ,
ಇದು ದಿನಾ ಒಳಗೊಳಗೇ ಕಡೆಯುತ್ತ ಇತ್ತು.
ಒಲೆ ಆರಿಸುವವರಿಲ್ಲ.'

ಸೇತುವೆ ಇಳಿದು ಬಲಕ್ಕೆ ಹೊರಳಿಸುವಾಗ
ಯಾರೋ ಬಾಲ ಹಿಡಿದಂತೆ ವ್ಯಾನು ನರಳುತ್ತಿತ್ತು.
ನಾನು ಅದನ್ನು ಬಲ ಅಂದುಕೊಂಡಿದ್ದೆ.
ಹೊಯ್ಗೆಯಲ್ಲಿ ಮೊದಲಿಗಿಂತ ಜೋರು ಎಳೆಯುತ್ತದೆ ಎಂದು
ಇಡೀ ಪಡುಕೆರೆಗೆ ಹೇಳಿಕೊಂಡು ಬಂದಿದ್ದೆ.

ನಾಲ್ಕು ನಿಮಿಷ ಹದಿನೇಳು ಸೆಕೆಂಡು.

'ಬಿಚ್ಚಿ ತೊಳೆಯುವ ಸಾಮಾನಲ್ಲ ಇದು. ಬೇರೆ ಹುಡುಕಬೇಕು.
ಅಲ್ಲಿಯವರೆಗೆ ಶಾಫ್ಟು ತೆಗೆದಿಡುತ್ತೇನೆ. ಎರಡೇ ಚಕ್ರ.'
'ದೋಣಿ?'
'ಜನ ಇಲ್ಲವಾ?'
ದೇಜು ಬೆರಳು ಮಡಚಿ ಎಣಿಸತೊಡಗಿದ,
ಬೆಳಗ್ಗಿನ ನಾಲ್ಕಕ್ಕೆ ಬರುವವರನ್ನು.
ಏಳಕ್ಕೆ ನಿಂತ. ಇನ್ನೊಮ್ಮೆ ಮೊದಲಿಂದ.

ಮೋನಬ್ಬ ಕ್ಯಾನು ಬಿಚ್ಚಿ ಗಟಗಟ ನೀರು ಕುಡಿದ,
ನನಗೂ ಕೊಟ್ಟ. ಬೆಚ್ಚಗಿತ್ತು.
ಭಾರ ಇಳಿಸಿದ ಮೇಲೂ ಕೋಲು
ಎಲ್ಲಿತ್ತೋ ಅಲ್ಲೇ ಇತ್ತು.